ಕಲೆ ಕಂಡಲ್ಲೇ ತೂತಿರುವುದಿಲ್ಲ: ಮನೆಯವರೇ ಮಾಡಿಕೊಳ್ಳುವ ತಾರಸಿ ರಿಪೇರಿಯ ಕುರಿತು

ಮಳೆಗಾಲ ಹಿಡಿದು ಎರಡು ವಾರವಾಗುವಷ್ಟರಲ್ಲಿ ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ಒಂದೇ ಬಗೆಯವು: "ಸರ್, ಬೇಸಿಗೆಯಲ್ಲಿ ನಾವೇ ತಾರಸಿಗೆ ವಾಟರ್‌ಪ್ರೂಫಿಂಗ್ ಬಳಿದಿದ್ದೆವು, ಈಗ ಮತ್ತೆ ಅದೇ ಜಾಗದಲ್ಲಿ ಸೋರುತ್ತಿದೆ." ಶಿವಮೊಗ್ಗದ ಸುತ್ತಮುತ್ತ ಮನೆ ದುರಸ್ತಿಯ ಕೆಲಸವನ್ನೇ ಮಾಡಿಕೊಂಡು ಬಂದಿರುವ ಸಿವಿಲ್ ಎಂಜಿನಿಯರನಾದ ನಾನು ಇಂಥ ಮನೆಗಳನ್ನು ನೋಡಲು ಹೋದಾಗ ಕೈಕೆಲಸ ಕೆಟ್ಟಿರುವುದನ್ನು ಕಂಡದ್ದು ಕಡಿಮೆ. ಎರಡು ಕೋಟು ಅಚ್ಚುಕಟ್ಟಾಗಿ, ಒಂದಕ್ಕೊಂದು ಅಡ್ಡಲಾಗಿ ಬಳಿದಿರುತ್ತಾರೆ; ಆದರೆ ನೀರು ಒಳಗಿಳಿಯುವ ಜಾಗ ಅದಾಗಿರುವುದೇ ಇಲ್ಲ.

ಕೆಲಸ ಕೈಗೂಡಿದ ಒಂದು ಮನೆಯಿಂದಲೇ ಶುರುಮಾಡುತ್ತೇನೆ. ತೀರ್ಥಹಳ್ಳಿ ಕಡೆಯ ಒಬ್ಬ ನಿವೃತ್ತ ಶಿಕ್ಷಕರ ಮನೆಯ ನಡುಕೋಣೆಯ ಸೂರಿನಲ್ಲಿ ಪ್ರತಿವರ್ಷ ತಟ್ಟೆಯಗಲದ ಕಲೆ ಮೂಡುತ್ತಿತ್ತು. ಅವರು ಒಂದು ಇಡೀ ಮಳೆಗಾಲ ಏನನ್ನೂ ಬಳಿಯದೆ, ಕಲೆಯ ಅಂಚಿಗೆ ಪೆನ್ಸಿಲಿನಿಂದ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯುತ್ತಾ ಹೋದರು. ಎಷ್ಟೇ ಜೋರಾದರೂ ಬೇಗ ನಿಂತುಹೋದ ಮಳೆಗೆ ಕಲೆ ಬೆಳೆಯುತ್ತಿರಲಿಲ್ಲ, ದಿನವಿಡೀ ಜಿಟಿಜಿಟಿ ಸುರಿದ ಮರುದಿನ ಮಾತ್ರ ಬೆಳೆಯುತ್ತಿತ್ತು. ಅಂದರೆ ನೀರು ನೇರವಾಗಿ ಬೀಳದೆ ಎಲ್ಲೋ ದೂರದಿಂದ ನಿಧಾನವಾಗಿ ಹರಿದು ಬರುತ್ತಿತ್ತು. ಕೊನೆಗೆ ಹನ್ನೊಂದು ಅಡಿ ಆಚೆ, ಮಳೆನೀರಿನ ಪೈಪಿನ ಬಾಯಿಯ ಸುತ್ತ ಗಾರೆ ಬಿಟ್ಟುಕೊಂಡಿದ್ದುದನ್ನು ಅವರೇ ಪತ್ತೆಹಚ್ಚಿದರು. ಸಡಿಲವಾದ ಗಾರೆಯನ್ನು ಕೆತ್ತಿ, ತೊಳೆದು, ಪಾಲಿಮರ್ ಬೆರೆಸಿದ ಗಾರೆಯಿಂದ ಪೈಪಿನ ಕಡೆಗೆ ವಾಟ (ಇಳಿಜಾರು) ಕೊಟ್ಟು ತುಂಬಿದರು. ಅರ್ಧ ದಿನದ ಕೆಲಸ. ಆ ಕಲೆ ಮತ್ತೆ ಬಂದಿಲ್ಲ.

ಇದಕ್ಕೆ ಕಾರಣ ತಾರಸಿಯ ರಚನೆಯಲ್ಲಿದೆ. ಆರ್‌ಸಿಸಿ (ಕಬ್ಬಿಣದ ಕಂಬಿ ಹಾಕಿದ ಕಾಂಕ್ರೀಟು) ಸ್ಲ್ಯಾಬಿನ ಮೇಲೆ ವಾಟಕ್ಕಾಗಿ ಹಾಕಿದ ಗಾರೆಯ ಪದರವಿರುತ್ತದೆ. ಆ ಪದರದ ಒಂದು ಬಿರುಕಿನಲ್ಲಿ ಇಳಿದ ನೀರು ಎರಡರ ನಡುವೆ ಹರಿದು, ಸ್ಲ್ಯಾಬ್ ಎಲ್ಲಿ ಪೊಳ್ಳಾಗಿದೆಯೋ ಅಲ್ಲಿ, ಅಥವಾ ಫ್ಯಾನಿನ ಕೊಕ್ಕೆಯ ಪೆಟ್ಟಿಗೆಯಲ್ಲಿ ಕೆಳಗಿಳಿಯುತ್ತದೆ. (ಫ್ಯಾನು ಅಥವಾ ದೀಪದ ಜಾಗದಿಂದ ನೀರು ತೊಟ್ಟಿಕ್ಕುತ್ತಿದ್ದರೆ ಮೊದಲು ಆ ಕೋಣೆಯ ವಿದ್ಯುತ್ ನಿಲ್ಲಿಸುವ ಎಂಸಿಬಿ ಸ್ವಿಚ್ಚನ್ನು ಇಳಿಸಿ, ಉಳಿದದ್ದನ್ನು ಆಮೇಲೆ ನೋಡೋಣ.) ಸ್ಥಳಕ್ಕೆ ಬಂದು ಅರ್ಧ ಗಂಟೆ ನೋಡಿ ಹೋಗುವ ನನಗಾಗಲಿ, ಗುತ್ತಿಗೆದಾರರಿಗಾಗಲಿ ಈ ದಾರಿ ಒಮ್ಮೆಲೇ ಕಾಣುವುದಿಲ್ಲ. ಆ ಮನೆಯಲ್ಲೇ ಮಲಗಿ ಏಳುವವರಿಗೆ ನೋಡಲು ನೂರು ದಿನಗಳಿವೆ. ಮನೆಯವರ ಕೈಯಲ್ಲಿರುವ ದೊಡ್ಡ ಸಾಧನ ಅದೇ ಎಂದು ನಾನು ನಂಬಿದ್ದೇನೆ, ಮತ್ತು ಹೆಚ್ಚಿನ ಸೋಲುಗಳು ಅದನ್ನು ಬಿಟ್ಟು ನೇರವಾಗಿ ಬಣ್ಣದ ಅಂಗಡಿಗೆ ಹೋದಾಗ ಆದವು.

ಬೇಸಿಗೆಯಲ್ಲೂ ಆರದ ತೇವ ಮಳೆಯದ್ದಲ್ಲ. ರಾತ್ರಿ ಎಲ್ಲ ನಲ್ಲಿಗಳನ್ನೂ ಮುಚ್ಚಿ, ಮೇಲಿನ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ, ಬೆಳಿಗ್ಗೆ ಎದ್ದು ನೋಡಿದಾಗ ಮಟ್ಟ ಇಳಿದಿದ್ದರೆ ಟ್ಯಾಂಕನ್ನೂ ಪೈಪುಗಳನ್ನೂ ಸಂಶಯಿಸಬೇಕು.

ಬಿರುಕಿಗೆ ಸಿಮೆಂಟು ನೀರು ಸುರಿಯುವುದು ನಾನು ಅತಿ ಹೆಚ್ಚು ಕಂಡಿರುವ ತಪ್ಪು. ಕಾಂಕ್ರೀಟು ಪ್ರತಿ ಡಿಗ್ರಿಗೆ ತನ್ನ ಉದ್ದದ ಸುಮಾರು ಲಕ್ಷದಲ್ಲೊಂದು ಪಾಲು ಹಿಗ್ಗುತ್ತದೆ. ಹತ್ತು ಮೀಟರ್ ಉದ್ದದ ಸ್ಲ್ಯಾಬಿಗೆ ಏಪ್ರಿಲ್ ಮಧ್ಯಾಹ್ನಕ್ಕೂ ಜಡಿಮಳೆಯ ರಾತ್ರಿಗೂ 30 ಡಿಗ್ರಿ ವ್ಯತ್ಯಾಸವಾದರೆ ಅದರ ಉದ್ದದಲ್ಲಿ 3 ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. ಪ್ಯಾರಪೆಟ್ ಗೋಡೆ ಸ್ಲ್ಯಾಬನ್ನು ಸೇರುವ ಮೂಲೆಯಲ್ಲಿ ಬಿರುಕು ಬಿಡುವುದು ಬಹುಮಟ್ಟಿಗೆ ಇದರಿಂದಲೇ. ಗಟ್ಟಿಯಾದ ಸಿಮೆಂಟಿಗೆ ಈ ಚಲನೆಯ ಜೊತೆ ಹೋಗಲು ಬಾರದ ಕಾರಣ ಅದು ಪಕ್ಕದಲ್ಲೇ ಕೂದಲೆಳೆಯಷ್ಟು ಬಿಟ್ಟುಕೊಳ್ಳುತ್ತದೆ, ನೀರಿಗೆ ಅಷ್ಟು ಸಾಕು. ಇಂಥ ಬಿರುಕನ್ನು ಅಗಲವಾಗಿ ಕೆತ್ತಿ, ದೂಳು ತೆಗೆದು, ಹಿಗ್ಗಿ ಕುಗ್ಗಬಲ್ಲ ಸೀಲಂಟನ್ನು ತುಂಬಿ, ಮೇಲೆ ಫೈಬರ್ ಜಾಲರಿಯಿಟ್ಟು ಕೋಟು ಕೊಡಬೇಕು.

ಬಳಿಯುವ ವಸ್ತುವಿನ ವಿಷಯದಲ್ಲೂ ಒಂದು ಸೂಕ್ಷ್ಮವಿದೆ. ಅಕ್ರಿಲಿಕ್ ಕೋಟಿಗೆ ತಾರಸಿ ಪೂರ್ತಿ ಒಣಗಿರಬೇಕು. ಸಿಮೆಂಟು ಪುಡಿ ಮತ್ತು ಪಾಲಿಮರ್ ದ್ರವ ಬೆರೆಸಿ ಬಳಿಯುವ ಕೋಟಿಗೆ ತಾರಸಿಯನ್ನು ಮೊದಲು ನೆನೆಸಿ, ನೀರು ನಿಲ್ಲದಂತೆ ಒರೆಸಿ, ತೇವವಿರುವಾಗಲೇ ಬಳಿಯಬೇಕು. ಒಂದಕ್ಕೆ ಬೇಕಾದದ್ದು ಇನ್ನೊಂದಕ್ಕೆ ಮಾರಕ. ಮೇ ಕೊನೆಯಲ್ಲಿ ಎರಡು ಮಳೆಯ ನಡುವೆ ಅವಸರದಲ್ಲಿ ಬಳಿದ ಅಕ್ರಿಲಿಕ್ ಕೋಟು ಆಗಸ್ಟಿನಲ್ಲಿ ಹಪ್ಪಳದಂತೆ ಎದ್ದಿರುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ; ಮನೆಯವರು ವಸ್ತುವೇ ಕಳಪೆ ಎಂದುಕೊಂಡಿದ್ದರು.

ಕೆಳಗಿನಿಂದ ಪುಟ್ಟಿ ಹಚ್ಚುವವರಿಗೆ ಹೇಳಬೇಕಾದದ್ದು ಇಷ್ಟೇ. ನೀರು ಗಾರೆಯೊಳಗಿನ ಲವಣವನ್ನು ಕರಗಿಸಿಕೊಂಡು ಬರುತ್ತದೆ. ಪುಟ್ಟಿಯ ಹಿಂದೆ ನೀರು ಆವಿಯಾದಾಗ ಲವಣ ಹರಳುಗಟ್ಟಿ ಪುಟ್ಟಿಯನ್ನೇ ಹೊರಗೆ ತಳ್ಳುತ್ತದೆ. ಮೇಲಿನ ದಾರಿ ಮುಚ್ಚಿ ಒಂದು ಬೇಸಿಗೆ ಒಣಗುವವರೆಗೆ ಕೆಳಗೆ ಕೈ ಹಚ್ಚಬೇಡಿ.

ಮಾಡಿದ ಕೆಲಸವನ್ನು ಮಳೆಗೆ ಮೊದಲೇ ಪರೀಕ್ಷಿಸಬಹುದು. ಪೈಪಿನ ಬಾಯಿ ಮುಚ್ಚಿ, ಒಂದು ಅಂಗುಲ ನೀರು ನಿಲ್ಲಿಸಿ, 24 ಗಂಟೆ ಕಾಯಬೇಕು. ಆದರೆ ಸಾವಿರ ಚದರಡಿಯ ಮೇಲೆ ಒಂದು ಅಂಗುಲವೆಂದರೆ ಸುಮಾರು 2,360 ಲೀಟರ್ ನೀರು, ಅಷ್ಟೇ ಕಿಲೋ ಭಾರ. ಆದ್ದರಿಂದ ಚಿಕ್ಕ ಬದು ಕಟ್ಟಿ ಭಾಗ ಭಾಗವಾಗಿ ನಿಲ್ಲಿಸುವುದು ಒಳ್ಳೆಯದು. ನೀರು ಬಿಟ್ಟ ಮೇಲೆ ಎಲ್ಲಿ ಮಡು ನಿಲ್ಲುತ್ತದೆ ಎಂದೂ ಗಮನಿಸಿ. ಹತ್ತು ಅಡಿಗೆ ಒಂದೂಕಾಲು ಅಂಗುಲದಷ್ಟಾದರೂ ವಾಟವಿರಬೇಕು.

ಹೆಂಚಿನ ಮನೆಗಳಲ್ಲಿ ಬೆಳೆದ ನಮಗೆ ಈ ಜವಾಬ್ದಾರಿ ಹೊಸತಲ್ಲ. ಮುಂಗಾರಿಗೆ ಮೊದಲು ಮನೆಯವರೇ ಮಾಡು ಹತ್ತಿ, ಹೆಂಚು ಕೈಯಾಡಿಸಿ, ಒಡೆದದ್ದನ್ನು ಬದಲಿಸುತ್ತಿದ್ದರು. ಹೆಂಚಿನಡಿ ಕೂತರೆ ಬೆಳಕಿನ ಚುಕ್ಕಿಯೇ ತೂತನ್ನು ತೋರಿಸುತ್ತಿತ್ತು. ಸ್ಲ್ಯಾಬು ಹಾಗೆ ತೋರಿಸುವುದಿಲ್ಲವಾದ್ದರಿಂದ ನಾವು ಆ ಅಭ್ಯಾಸವನ್ನೇ ಬಿಟ್ಟೆವೇನೋ ಎಂದು ನನಗೆ ಬೇಸರವಾಗುತ್ತದೆ.

ಮನೆಯವರು ಕೈಯಿಡಬಾರದ ಜಾಗವೂ ಒಂದಿದೆ. ಸೂರಿನ ಕಲೆ ಕಂದು ಬಣ್ಣಕ್ಕೆ ತಿರುಗಿ, ಕಂಬಿಯ ಗುಂಟ ನೇರ ಬಿರುಕು ಮೂಡಿದ್ದರೆ, ಅಥವಾ ಗಾರೆ ಉದುರಿ ಕಂಬಿ ಕಾಣುತ್ತಿದ್ದರೆ ಅದು ಸೋರಿಕೆಯನ್ನು ದಾಟಿದ ಸ್ಥಿತಿ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಮೇಲೆ ಪ್ಲಾಸ್ಟರ್ ಮಾಡಿದರೆ ಆ ಪ್ಲಾಸ್ಟರೂ ಕಾಂಕ್ರೀಟಿನ ಜೊತೆ ಒಂದು ದಿನ ಕೆಳಗೆ ಬೀಳುತ್ತದೆ. ಅಂಥ ಸ್ಲ್ಯಾಬಿನ ಮೇಲೆ ನೀರು ನಿಲ್ಲಿಸುವ ಪರೀಕ್ಷೆಯನ್ನೂ ಮಾಡಬಾರದು. ಅದರ ಕೆಳಗಿನ ಮಂಚವನ್ನು ಬೇರೆ ಕೋಣೆಗೆ ಸರಿಸಿ, ನಿಮ್ಮೂರಿನ ಎಂಜಿನಿಯರರನ್ನು ಅದೇ ವಾರ ಕರೆಸಿ.