ಕ್ಯಾನ್ಸರ್ ರೋಗಿಗೆ ಊಟ ಬಿಡಿಸಬೇಡಿ

ಬಾಯಿ ಕ್ಯಾನ್ಸರ್‌ಗೆ ರೇಡಿಯೇಷನ್ ಕೊಡುವಾಗ ರೋಗಿಯ ಮುಖಕ್ಕೆ ಒಂದು ಮಾಸ್ಕ್ ಮಾಡುತ್ತೇವೆ. ತೂತು ತೂತಿನ ಬಿಳಿ ಪ್ಲಾಸ್ಟಿಕ್ ಹಾಳೆ ಅದು. ಬಿಸಿನೀರಲ್ಲಿ ಅದ್ದಿದರೆ ಮೆತ್ತಗಾಗುತ್ತದೆ. ಮುಖದ ಮೇಲೆ ಎಳೆದು ಕೂರಿಸಿದರೆ ಮೂಗು, ಗದ್ದದ ಅಚ್ಚು ಹಿಡಿದು ಗಟ್ಟಿಯಾಗುತ್ತದೆ. ದಿನಾ ಅದನ್ನೇ ಹಾಕಿ ಮಿಲಿಮೀಟರ್ ಲೆಕ್ಕದಲ್ಲಿ ಕಿರಣ ಬಿಡುತ್ತೇವೆ. ಮೂರನೇ ವಾರಕ್ಕೆ ಕೆನ್ನೆಯ ಪಕ್ಕ ಬೆರಳು ತೂರುವಷ್ಟು ಸಡಿಲ ಕಂಡರೆ ರೋಗಿ ಸೊರಗಿದ್ದಾರೆ ಅಂತ ಅರ್ಥ, ಆಗ ನಾನು ಮೊದಲು ಮನೆಯವರನ್ನು ಒಳಗೆ ಕರೆಯುತ್ತೇನೆ. ಊಟಕ್ಕೆ ಏನು ಕೊಡುತ್ತಿದ್ದೀರಿ ಅಂತ ಕೇಳುತ್ತೇನೆ.

"ಸಕ್ರಿ ಪೂರಾ ಬಂದ್ ಮಾಡೀವ್ರಿ ಸಾಹೇಬ್ರ. ಬೆಲ್ಲಾನೂ ಇಲ್ಲ. ಅನ್ನ, ಹಾಲು, ಬಾಳಿಹಣ್ಣು ಎಲ್ಲಾ ಬಿಡಿಸೀವಿ. ಗಡ್ಡಿಗೆ ಸಕ್ರೀನ ಊಟ ಅಂತಲ್ರಿ?"

ಬಾಗಲಕೋಟೆಗೆ ಚಿಕಿತ್ಸೆಗೆ ಬರುವ ಎಷ್ಟೋ ಮನೆಯವರು ಇದೇ ಮಾತು ಹೇಳುತ್ತಾರೆ. ಮುಧೋಳ, ಜಮಖಂಡಿ ಕಡೆಯ ಕಬ್ಬು ಬೆಳೆಯುವ ರೈತರೂ ತಮ್ಮ ಮನೆಯ ಬೆಲ್ಲಕ್ಕೇ ಹೆದರುತ್ತಾರೆ. ಗಡ್ಡೆ ಸಕ್ಕರೆ ತಿಂದೇ ಬೆಳೆಯುತ್ತದೆ, ಸಕ್ಕರೆ ಬಿಡಿಸಿ ಅಂತ ಮೊಬೈಲ್‌ಗೆ ಬಂದ ಒಂದು ವಿಡಿಯೋ ಸಾಕು. ಪ್ರೀತಿಯಿಂದಲೇ ಮಾಡುತ್ತಾರೆ, ಹಾಗಾಗಿ ಬೈಯಲೂ ಮನಸ್ಸು ಬರುವುದಿಲ್ಲ.

ಆ ವಿಡಿಯೋದಲ್ಲಿ ಅರ್ಧ ಮಾತು ನಿಜ. ಜರ್ಮನಿಯ ವಿಜ್ಞಾನಿ ಓಟೋ ವಾರ್ಬರ್ಗ್ 1920ರ ದಶಕದಲ್ಲೇ ಇದನ್ನು ಗಮನಿಸಿದ್ದರು. ಆಮ್ಲಜನಕ ಬೇಕಾದಷ್ಟು ಇದ್ದರೂ ಗಡ್ಡೆಯ ಕೋಶಗಳು ಸಕ್ಕರೆಯನ್ನು ಪೂರ್ತಿ ಉರಿಸುವುದಿಲ್ಲ. ಜಾಸ್ತಿ ಎಳೆದುಕೊಂಡು, ಅರೆಬರೆ ಬಳಸಿ, ಲ್ಯಾಕ್ಟೇಟ್ ಅನ್ನೋ ವಸ್ತು ಮಾಡಿ ಹೊರಗೆ ಬಿಡುತ್ತವೆ. ಸಕ್ಕರೆಯಂಥ ವಸ್ತು ಚುಚ್ಚಿ ತೆಗೆಯುವ ಪೆಟ್ ಸ್ಕ್ಯಾನ್‌ನಲ್ಲಿ ಗಡ್ಡೆ ಹೊಳೆಯುವುದೂ ಈ ಆಸೆಬುರುಕತನದಿಂದಲೇ. ಅಲ್ಲಿ ಮೆದುಳೂ ಹೊಳೆಯುತ್ತದೆ, ಅದನ್ನು ಯಾರೂ ಕೇಳುವುದಿಲ್ಲ.

ಆದರೆ ಕೋಶಕ್ಕೆ ಈ ಆಸೆ ಯಾಕೆ ಬಂತು? ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು.

ನಮ್ಮ ಒಂದೊಂದು ಕೋಶದಲ್ಲೂ ದಿನಕ್ಕೆ ಸಾವಿರಾರು ಕಡೆ ಡಿಎನ್‌ಎ, ಅಂದರೆ ಕೋಶ ಹೇಗೆ ನಡೆಯಬೇಕು ಅಂತ ಬರೆದಿಟ್ಟ ಎಳೆ, ಕೆಡುತ್ತದೆ. ಕೋಶ ತಾನೇ ಸರಿಮಾಡಿಕೊಳ್ಳುತ್ತದೆ. ಏಟು ದೊಡ್ಡದಾದರೆ ಪಿ53 ಅನ್ನೋ ಪ್ರೋಟೀನ್ ಎದ್ದು, ಕೋಶ ಒಡೆದು ಎರಡಾಗುವುದನ್ನು ತಡೆಯುತ್ತದೆ. ರಿಪೇರಿಗೆ ಸಮಯ ಕೊಡುತ್ತದೆ. ರಿಪೇರಿ ಆಗದಿದ್ದರೆ ಕೋಶವನ್ನು ಸಾಯಿಸುತ್ತದೆ. ಇದೇ ಪಿ53 ಕೋಶ ಸಕ್ಕರೆ ಎಳೆದುಕೊಳ್ಳುವುದಕ್ಕೂ ಕಡಿವಾಣ ಹಾಕುತ್ತದೆ. ಒಟ್ಟು ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಪಿ53 ತಯಾರಿಸುವ ಜೀನ್ ಕೆಟ್ಟಿರುತ್ತದೆ. ಅದು ಕೆಟ್ಟರೆ ಎರಡೂ ಕಾವಲು ಒಟ್ಟಿಗೇ ಹೋಗುತ್ತವೆ. ಮುರಿದ ಡಿಎನ್‌ಎ ಇಟ್ಟುಕೊಂಡೇ ಕೋಶ ಬೆಳೆಯುತ್ತದೆ, ಸಕ್ಕರೆಯನ್ನೂ ಲೆಕ್ಕವಿಲ್ಲದೆ ಎಳೆಯುತ್ತದೆ. ಆ ಸಕ್ಕರೆ ಬರೀ ಉರುವಲಲ್ಲ. ಅದರ ಒಂದು ಪಾಲಿನಿಂದ ಹೊಸ ಡಿಎನ್‌ಎಗೆ ಬೇಕಾದ ಸಾಮಾನು ತಯಾರಾಗುತ್ತದೆ. ಅಂದರೆ ನಿಮ್ಮಪ್ಪ ಚಹಾಕ್ಕೆ ಸಕ್ಕರೆ ಹಾಕಿಕೊಂಡರು ಅಂತ ಈ ಕೋಶ ಕೆಟ್ಟಿದ್ದಲ್ಲ. ಅದು ಮೊದಲೇ ಕೆಟ್ಟಿದೆ, ಅದಕ್ಕೇ ಎಳೆಯುತ್ತಿದೆ.

ಸರಿ, ಊಟ ಬಿಡಿಸಿದರೆ ಸಕ್ಕರೆ ಸಿಗುವುದಿಲ್ಲ ಅಲ್ವಾ? ಸಿಗುತ್ತದೆ. ರಕ್ತದ ಸಕ್ಕರೆ ತೀರಾ ಇಳಿಯಲು ದೇಹ ಬಿಡುವುದಿಲ್ಲ. ಲಿವರ್ ತಾನೇ ಸಕ್ಕರೆ ತಯಾರಿಸುತ್ತದೆ, ಅದಕ್ಕೆ ಮಾಂಸಖಂಡ ಕರಗುತ್ತದೆ. ಮಾಂಸಖಂಡ ಕರಗಿದಾಗ ರಕ್ತಕ್ಕೆ ಬರುವ ಗ್ಲುಟಮಿನ್ ಅನ್ನೋ ಪ್ರೋಟೀನ್ ತುಣುಕನ್ನೂ ಗಡ್ಡೆ ಬಳಸಿಕೊಳ್ಳಬಲ್ಲದು. ರೈತರಿಗೆ ನಾನು ಹೇಳುವುದಿಷ್ಟು: ಕರಿಕಿ ಕಳೆ ಸಾಯಲಿ ಅಂತ ಹೊಲಕ್ಕೆ ನೀರು ನಿಲ್ಲಿಸಿದರೆ ಮೊದಲು ಒಣಗುವುದು ಬೆಳೆ.

ರೇಡಿಯೇಷನ್‌ನ ಕೆಲಸವೇ ಡಿಎನ್‌ಎ ಮುರಿಯುವುದು. ಸಾಮಾನ್ಯವಾಗಿ ದಿನಕ್ಕೆ 2 ಗ್ರೇ (ಗ್ರೇ ಅಂದರೆ ಕಿರಣದ ಅಳತೆ), ವಾರಕ್ಕೆ 5 ದಿನ, 6ರಿಂದ 7 ವಾರ ಕೊಡುತ್ತೇವೆ. ಒಂದೇ ಸಲಕ್ಕೆ ಕೊಟ್ಟು ಮುಗಿಸಿ ಅಂತ ಕೇಳುವವರಿದ್ದಾರೆ. ನಡುವೆ ಬಿಡುವು ಕೊಡುವುದು ಒಳ್ಳೆಯ ಕೋಶಗಳಿಗಾಗಿ. ಅವು ಆ ಹೊತ್ತಿನಲ್ಲಿ ರಿಪೇರಿ ಮಾಡಿಕೊಳ್ಳುತ್ತವೆ. ಕೆಟ್ಟ ಕೋಶಗಳಿಗೆ ಅಷ್ಟು ಚೆನ್ನಾಗಿ ಆಗುವುದಿಲ್ಲ. ಆದರೆ ರಿಪೇರಿ ಪುಕ್ಕಟೆ ನಡೆಯುವುದಿಲ್ಲ. ಪಾರ್ಪ್ ಅನ್ನೋ ಕಿಣ್ವ ಡಿಎನ್‌ಎ ಮುರಿದ ಜಾಗಕ್ಕೆ ಓಡಿ ಬಂದು, ಎನ್‌ಎಡಿ ಅನ್ನೋ ವಸ್ತುವನ್ನು ಖರ್ಚು ಮಾಡುತ್ತಾ ಕೆಲಸ ಮಾಡುತ್ತದೆ. ಈ ಎನ್‌ಎಡಿ ತಯಾರಾಗಲು ಬಿ3 ವಿಟಮಿನ್ ಬೇಕು. ನಮ್ಮ ಶೇಂಗಾದಲ್ಲಿ ಅದು ಚೆನ್ನಾಗಿಯೇ ಇದೆ. ಹಾಗಂತ ಬಿ3 ಗುಳಿಗೆ ನುಂಗಿಸಲು ಹೋಗಬೇಡಿ, ಊಟದಲ್ಲಿ ಬರುವುದು ಬರಲಿ. ಹಸಿದ ದೇಹದಲ್ಲಿ ಬಾಯಿಯ ಹುಣ್ಣು ಬೇಗ ಮಾಯುವುದಿಲ್ಲ. ನೋವು ತಡೆಯಲಾರದೆ ರೋಗಿ ಚಿಕಿತ್ಸೆಯನ್ನೇ ನಡುವೆ ನಿಲ್ಲಿಸುತ್ತಾರೆ. ಆ ಬಿಡುವಿನಲ್ಲಿ ಗಡ್ಡೆ ಮತ್ತೆ ಚಿಗುರುತ್ತದೆ.

ನನಗೆ ನಿಜವಾಗಿ ಸಿಟ್ಟು ಬರುವುದು ಇನ್ನೊಂದಕ್ಕೆ. ಬೆಲ್ಲದ ಡಬ್ಬಿ ಅಟ್ಟಕ್ಕೆ ಹೋಗಿರುತ್ತದೆ, ಗುಟ್ಕಾ ಚೀಟಿ ಮಾತ್ರ ಜೇಬಿನಲ್ಲೇ ಇರುತ್ತದೆ. ತಂಬಾಕಿನಲ್ಲಿರುವ ನೈಟ್ರೋಸಮೀನ್ ಅನ್ನೋ ವಿಷಗಳಿಂದ ಹುಟ್ಟುವ ವಸ್ತುಗಳು ನೇರವಾಗಿ ಡಿಎನ್‌ಎಗೇ ಅಂಟಿಕೊಂಡು ಅದನ್ನು ಕೆಡಿಸುತ್ತವೆ. ಬಿಡಿಸುವುದಿದ್ದರೆ ಅದನ್ನು ಬಿಡಿಸಿ. ಹಟ ಮಾಡಿ, ಜಗಳ ಆಡಿ, ನಿಮ್ಮ ಜೊತೆ ನಾನೂ ಹೇಳುತ್ತೇನೆ.

ಶುಗರ್ ಇದ್ದವರ ಮಾತು ಬೇರೆ. ಅವರ ರಕ್ತದ ಸಕ್ಕರೆ ಹತೋಟಿಯಲ್ಲಿರಲೇಬೇಕು. ಅದಕ್ಕೆ ಗುಳಿಗೆ, ಇನ್ಸುಲಿನ್ ಇದೆ, ಉಪವಾಸ ಬೇಡ. ಬೊಜ್ಜು ಕೆಲವು ಕ್ಯಾನ್ಸರ್‌ಗಳಿಗೆ ದಾರಿ ಮಾಡುತ್ತದೆ ಎನ್ನುವುದೂ ನಿಜ. ಆದರೆ ತೂಕ ಇಳಿಸಲು ಚಿಕಿತ್ಸೆಯ ಈ ಏಳು ವಾರ ಸಮಯವಲ್ಲ. ಸಿಹಿ ತಿನ್ನಿಸಿ ಅಂತಲೂ ನಾನು ಹೇಳುತ್ತಿಲ್ಲ. ಊಟ ತಪ್ಪಿಸಬೇಡಿ ಅನ್ನುತ್ತಿದ್ದೇನೆ.

ಮೂರನೇ ವಾರದಿಂದ ಖಡಕ್ ರೊಟ್ಟಿ ಆಗುವುದಿಲ್ಲ, ಖಾರವಂತೂ ಬೇಡವೇ ಬೇಡ. ಜೋಳದ ನುಚ್ಚು ಮೆತ್ತಗೆ ಬೇಯಿಸಿ ಹಾಲು ಹಾಕಿ ಕೊಡಿ. ಹೆಸರುಬೇಳೆ ಕಟ್ಟಿಗೆ ಒಂದು ಚಮಚ ತುಪ್ಪ ಬಿಡಿ. ಶೇಂಗಾ ನುಣ್ಣಗೆ ಪುಡಿ ಮಾಡಿ ಗಂಜಿಗೆ ಕಲಸಿ. ತಿನ್ನುವವರಾದರೆ ಮೊಟ್ಟೆ ಕೊಡಿ. ಒಂದೇ ಸಲಕ್ಕೆ ತಾಟು ತುಂಬಬೇಡಿ, ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಸಾಕು. ನುಂಗಲೇ ಆಗದಿದ್ದರೆ ಮೂಗಿನಿಂದ ನಳಿಕೆ ಹಾಕುತ್ತೇವೆ. ನಳಿಕೆ ಅಂದರೆ ಕೊನೆಗಾಲ ಅಂತ ಸುಮ್ನೆ ಅಳಬೇಡಿ. ಹುಣ್ಣು ಮಾಯ್ದು ಬಾಯಿಂದ ಊಟ ಸೇರಿದ ಮೇಲೆ ಸಾಮಾನ್ಯವಾಗಿ ಅದನ್ನು ತೆಗೆಯುತ್ತೇವೆ. ವಾರಕ್ಕೊಮ್ಮೆ ತೂಕ ನೋಡಿಸಿ, ಫೈಲಿನ ಮೇಲೆ ಬರೆದಿಡಿ. 2 ಕೆಜಿ ಇಳಿದಿದ್ದರೆ ಡಾಕ್ಟರು ನೋಡುವ ದಿನಕ್ಕೆ ಕಾಯಬೇಡಿ, ಅವತ್ತೇ ಬಂದು ಹೇಳಿ.