ಗೇಣುದ್ದದ ಸ್ಕಾರ್ಪಿಯನ್‌ಗೆ ದಮ್ಮು ಯಾಕೆ ಕಡಿಮೆ?

ಪ್ರಶ್ನೆ: ಏರ್‌ಸಾಫ್ಟ್ ಆಟಕ್ಕೆಂದು (ಆಟಿಕೆ ಬಂದೂಕಿನಿಂದ ಪ್ಲಾಸ್ಟಿಕ್ ಗುಂಡು ಹಾರಿಸುವ ಆಟ) ಬ್ಯಾಟರಿಯಲ್ಲಿ ನಡೆಯುವ, ಸ್ಕಾರ್ಪಿಯನ್ ಬಂದೂಕಿನ ಮಾದರಿ ಕೊಂಡಿದ್ದೇನೆ. ಗೆಳೆಯರ ಉದ್ದನೆಯ ರೈಫಲ್ ಮಾದರಿಗಳ ಮುಂದೆ ಇದರ ಗುಂಡು ಮೆಲ್ಲಗೆ ಹೋಗುತ್ತದೆ. ಜಾಸ್ತಿ ಪವರ್ ಇರುವ ಬ್ಯಾಟರಿ ಹಾಕಿದರೆ ಸರಿಹೋಗುತ್ತದಾ?

ಹೋಗುವುದಿಲ್ಲ. ಗುಂಡುಗಳು ಇನ್ನೂ ಬೇಗ ಬೇಗ ಹಾರಬಹುದು, ಆದರೆ ಒಂದೊಂದು ಗುಂಡಿನ ವೇಗ ಈಗಿದ್ದಷ್ಟೇ ಇರುತ್ತದೆ. ಈ ಎರಡನ್ನೂ ಒಂದೇ ಎಂದುಕೊಳ್ಳುವವರು ಬಹಳ ಜನ. ನಾನೂ ಹಾಗೆಂದುಕೊಂಡೇ ಒಂದು ಬ್ಯಾಟರಿಗೆ ದುಡ್ಡು ಸುರಿದಿದ್ದೆ.

ಮಲೆನಾಡಿನ ಕಡೆಯವರಾದರೆ ಪೆಟ್ಲು ನೆನಪಿಸಿಕೊಳ್ಳಿ. ಬಿದಿರಿನ ಕೊಳವೆಯ ಆ ತುದಿಗೊಂದು ಕಾಯಿ, ಈ ತುದಿಗೊಂದು ಕಾಯಿ. ಕೋಲಿನಿಂದ ಹಿಂದಿನದನ್ನು ಒತ್ತಿದರೆ ನಡುವೆ ಸಿಕ್ಕಿಬಿದ್ದ ಗಾಳಿ ಮುಂದಿನದನ್ನು ಟಪ್ಪೆಂದು ಎಸೆಯುತ್ತದೆ. ಏರ್‌ಸಾಫ್ಟ್ ಬಂದೂಕಿನ ಒಳಗೂ ಇದೇ ಕೆಲಸ. ಕೋಲಿನ ಜಾಗದಲ್ಲಿ ಪಿಸ್ಟನ್, ಕೈಯ ಜಾಗದಲ್ಲಿ ಸ್ಪ್ರಿಂಗು. ಮೋಟಾರು ತಿರುಗಿ, ಗೇರುಗಳು ಪಿಸ್ಟನ್ನನ್ನು ಹಲ್ಲುಹಲ್ಲಾಗಿ ಹಿಂದಕ್ಕೆಳೆದು ಸ್ಪ್ರಿಂಗನ್ನು ಅದುಮುತ್ತವೆ. ಕೊನೆಯ ಗೇರಿಗೆ ಸುತ್ತಲೂ ಹಲ್ಲಿಲ್ಲ, ಒಂದು ಭಾಗಕ್ಕೆ ಮಾತ್ರ. ಹಲ್ಲು ಮುಗಿದ ಕೂಡಲೇ ಪಿಸ್ಟನ್ನಿನ ಹಿಡಿತ ತಪ್ಪುತ್ತದೆ, ಸ್ಪ್ರಿಂಗು ಅದನ್ನು ಮುಂದಕ್ಕೆ ದಬ್ಬುತ್ತದೆ, ಗಾಳಿ 6 ಮಿಮೀ ಪ್ಲಾಸ್ಟಿಕ್ ಗುಂಡನ್ನು ಎಸೆಯುತ್ತದೆ.

ಅಂದರೆ ಗುಂಡನ್ನು ಎಸೆಯುವ ಹೊತ್ತಿಗೆ ಬ್ಯಾಟರಿಯ ಕೆಲಸ ಮುಗಿದಿರುತ್ತದೆ. ಅದರದ್ದು ಸ್ಪ್ರಿಂಗನ್ನು ಅದುಮುವ ಕೂಲಿ ಮಾತ್ರ. ಕೂಲಿಯವ ಗಟ್ಟಿಗನಾದರೆ ನಿಮಿಷಕ್ಕೆ ಹೆಚ್ಚು ಸಲ ಅದುಮುತ್ತಾನೆ, ಅಷ್ಟೇ. ಎಸೆತದ ಬಲ ಕೂತಿರುವುದು ಸ್ಪ್ರಿಂಗಿನಲ್ಲಿ, ಸಿಲಿಂಡರಿನ ಅಳತೆಯಲ್ಲಿ. ನನ್ನದನ್ನು ಒಮ್ಮೆ ಮೇಜಿನ ಮೇಲೆ ಬಿಚ್ಚಿದಾಗ ಸ್ಪ್ರಿಂಗು ಚಂಗನೆ ಹಾರಿ ಕಪಾಟಿನಡಿ ಸೇರಿತು. ಮೊಣಕಾಲೂರಿ ಹುಡುಕಿ ತೆಗೆದರೆ ಕಿರುಬೆರಳಿಗಿಂತ ಸಪೂರ. ಉದ್ದನೆಯ ರೈಫಲ್ ಮಾದರಿಯ ಪಿಸ್ಟನ್ ಪಕ್ಕದಲ್ಲಿ ಇದರದ್ದನ್ನಿಟ್ಟರೆ ಅಣ್ಣನ ಚಪ್ಪಲಿಯ ಪಕ್ಕ ತಮ್ಮನದ್ದು ಇಟ್ಟ ಹಾಗೆ. ಗಿಡ್ಡ ಕೊಳವೆಯ ಪೆಟ್ಲಿನ ಸದ್ದು ಯಾವತ್ತೂ ಗಿಡ್ಡವೇ.

ಬ್ಯಾಟರಿಗೂ ಇಲ್ಲಿ ಜಾಗದ ಬಡತನ. ದೊಡ್ಡ ಮಾದರಿಗಳಲ್ಲಿ ಮೋಟಾರು ಹಿಡಿಯೊಳಗೆ, ಬ್ಯಾಟರಿ ಹೆಗಲಿಗೆ ಒತ್ತಿಕೊಳ್ಳುವ ಹಿಂಭಾಗವಾದ ಬಟ್ಟಿನಲ್ಲೋ ಮುಂಗೈ ಹಿಡಿಯುವ ಕಡೆಯೋ ಇರುತ್ತದೆ. ಸ್ಕಾರ್ಪಿಯನ್ನಿನ ಬಟ್ಟು ಬರೀ ತಂತಿ, ಅದರಲ್ಲಿ ಏನನ್ನು ಬಚ್ಚಿಡುತ್ತೀರಿ? ಅದಕ್ಕೇ ಜಪಾನಿನ ಆಟಿಕೆ ಬಂದೂಕು ಕಂಪನಿ ಟೋಕಿಯೊ ಮರುಯಿ ಈ ಬಗೆಯ ಪುಟ್ಟ ಮಾದರಿಗಳಿಗೆಂದೇ ಆರು ಸೆಲ್ಲಿನ, 7.2 ವೋಲ್ಟಿನ ಕಿರು ಬ್ಯಾಟರಿ ಇಟ್ಟಿತು. 500 ಎಂಎಎಚ್ ಅಷ್ಟೇ ವಿದ್ಯುತ್ ಹಿಡಿಯುವ ಇದು ಮೈಯೊಳಗೇ ಕೂರುತ್ತದೆ.

ನನಗೆ ಮಜಾ ಅನ್ನಿಸುವುದು ಇನ್ನೊಂದು ವಿಷಯ. ಈ ಆಟಿಕೆ ಮಾಡಿಕೊಂಡ ರಾಜಿಯನ್ನೇ ಅಸಲಿ ಸ್ಕಾರ್ಪಿಯನ್ನೂ ಮಾಡಿಕೊಂಡಿತ್ತು. ಚೆಕೊಸ್ಲೊವಾಕಿಯಾದ ಮಿರೊಸ್ಲಾವ್ ರಿಬಾರ್ಜ್ ರೂಪಿಸಿದ ಈ ಸಬ್‌ಮಷೀನ್ ಗನ್ 1961ರಲ್ಲಿ ಬಳಕೆಗೆ ಬಂತು, vz. 61 ಎಂಬ ಅದರ ಪೂರ್ತಿ ಹೆಸರಿನಲ್ಲಿರುವ 61 ಅದೇ. ವಾಹನದೊಳಗೆ ಕೂರುವವರು, ದೊಡ್ಡ ಬಂದೂಕು ಹೊರಲಾಗದ ಅಧಿಕಾರಿಗಳು ಸೊಂಟಕ್ಕೆ ಸಿಕ್ಕಿಸಿಕೊಳ್ಳುವಂತಿರಬೇಕಿತ್ತು. ಬಟ್ಟನ್ನು ಬಂದೂಕಿನ ತಲೆಯ ಮೇಲೆ ಮಡಚಿದರೆ ಉದ್ದ ಬರೀ 270 ಮಿಮೀ, ತೂಕ ಸುಮಾರು 1.3 ಕಿಲೋ. ಇಷ್ಟು ಚಿಕ್ಕದಾಗಲು ಅದು ಬಲವನ್ನು ಬಿಟ್ಟುಕೊಟ್ಟಿತು: 9 ಮಿಮೀ ಪ್ಯಾರಾಬೆಲ್ಲಮ್ ತೋಟಾ ಬದಲು, ಅದರ ಅರ್ಧದಷ್ಟೂ ಬಲವಿಲ್ಲದ 7.65 ಮಿಮೀ ಬ್ರೌನಿಂಗ್ ತೋಟಾ. ಈ ಬಗೆಯ ಬಂದೂಕಿನಲ್ಲಿ ಸಿಡಿತದ ಒತ್ತಡವನ್ನು ತಡೆಯುವುದು ಬೋಲ್ಟಿನ (ನಳಿಕೆಯ ಹಿಂಬದಿಯನ್ನು ಮುಚ್ಚುವ ಲೋಹದ ತುಂಡಿನ) ತೂಕ ಮತ್ತು ಅದರ ಸ್ಪ್ರಿಂಗು ಮಾತ್ರ. ತೋಟಾ ಮೃದುವಾದರೆ ಬೋಲ್ಟು ಹಗುರವಾಗಬಹುದು, ಬಂದೂಕೂ ಕುಗ್ಗಬಹುದು.

ಹಾಗೆಂದು ಹಗುರ ಬೋಲ್ಟಿಗೆ ಕಡಿವಾಣವಿಲ್ಲದಿದ್ದರೆ ಅದು ಹುಚ್ಚು ಕುದುರೆ. ರಿಬಾರ್ಜ್ ಹಿಡಿಯ ಟೊಳ್ಳಿನೊಳಗೆ ಒಂದು ಪುಟ್ಟ ತೂಕವಿಟ್ಟ. ಬೋಲ್ಟು ಹಿಂದೆ ಬಂದೊಡನೆ ಒಂದು ಕೊಕ್ಕೆ ಅದನ್ನು ಹಿಡಿಯುತ್ತದೆ; ಬೋಲ್ಟಿನ ಏಟು ತಿಂದ ತೂಕ ಹಿಡಿಯೊಳಗೆ ಇಳಿದು, ಸ್ಪ್ರಿಂಗಿನ ಮೇಲೆ ಪುಟಿದು ಬಂದು ಕೊಕ್ಕೆಯನ್ನು ತಟ್ಟುತ್ತದೆ; ಆಗಷ್ಟೇ ಬೋಲ್ಟಿಗೆ ಬಿಡುಗಡೆ. ಆ ಕ್ಷಣದ ತಡದಿಂದ ನಿಮಿಷಕ್ಕೆ 850 ಗುಂಡುಗಳ ಆಸುಪಾಸಿಗೆ ವೇಗ ಇಳಿಯುತ್ತದೆ. ಬಚ್ಚಿಟ್ಟುಕೊಳ್ಳಲು ಸುಲಭವೆಂಬ ಗುಣವೇ ಇದಕ್ಕೆ ಕೆಟ್ಟ ಹೆಸರನ್ನೂ ತಂದಿತು. 1978ರಲ್ಲಿ ಇಟಲಿಯ ಮಾಜಿ ಪ್ರಧಾನಿ ಆಲ್ದೊ ಮೊರೊ ಅವರನ್ನು ರೆಡ್ ಬ್ರಿಗೇಡ್ಸ್ ಎಂಬ ಉಗ್ರ ಎಡಪಂಥೀಯ ಗುಂಪು ಕೊಂದದ್ದು ಸ್ಕಾರ್ಪಿಯನ್ನಿನಿಂದ.

ನಿಮ್ಮ ಆಟಿಕೆಗೆ ಬರೋಣ. ಗಟ್ಟಿ ಸ್ಪ್ರಿಂಗ್ ಹಾಕಿಸಿ ಎಂದು ಯಾರಾದರೂ ಹೇಳಬಹುದು. ಬೇಡ ಎನ್ನುತ್ತೇನೆ. ಆ ಸಣ್ಣ ಮೋಟಾರು ಏದುಸಿರು ಬಿಡುತ್ತದೆ, ಪಿಸ್ಟನ್ನಿನ ಹಲ್ಲು ಜಾರುತ್ತದೆ. ಒಮ್ಮೆ ಹಲ್ಲು ಉದುರಿತೋ, ಆಮೇಲೆ ಗುರ್ರ್ ಅನ್ನುವ ಸದ್ದು ಮಾತ್ರ. ಲಿಥಿಯಂ ಪಾಲಿಮರ್ ಬ್ಯಾಟರಿ ಹಾಕುವುದಾದರೆ ಎರಡು ಸೆಲ್ಲಿನ, 7.4 ವೋಲ್ಟಿನದ್ದೇ ಸಾಕು. ಅದಕ್ಕೆಂದೇ ಇರುವ ಚಾರ್ಜರ್ ಬೇಕು. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬೇಡಿ.

ಲೆಕ್ಕ ಬೇಕೆಂದರೆ ಹೀಗೆ: 0.2 ಗ್ರಾಂ ಗುಂಡು ಸೆಕೆಂಡಿಗೆ 70 ಮೀಟರ್ ವೇಗದಲ್ಲಿ ಹೋದರೆ ಅದರ ಶಕ್ತಿ ಹೆಚ್ಚುಕಡಿಮೆ ಅರ್ಧ ಜೂಲ್. ಜಪಾನಿನ ಕಾನೂನಿನ ಮಿತಿ 0.98 ಜೂಲ್, ಅದೇ ಗುಂಡಿಗೆ ಸೆಕೆಂಡಿಗೆ 99 ಮೀಟರ್ ಆದಂತೆ. ಜರ್ಮನಿಯಲ್ಲಂತೂ 0.5 ಜೂಲ್ ದಾಟಿದ ಏರ್‌ಸಾಫ್ಟ್ ಬಂದೂಕು ಸರಣಿಯಾಗಿ ಗುಂಡು ಹಾರಿಸುವಂತಿಲ್ಲ, ಟ್ರಿಗರ್ ಒತ್ತಿದಷ್ಟೇ ಗುಂಡು. ಅಲ್ಲಿರುವ ನಮ್ಮವರು ಸ್ಪ್ರಿಂಗ್ ಬದಲಿಸಿದರೆ ಯಂತ್ರದ ಜೊತೆ ಕಾನೂನೂ ಕೆಡುತ್ತದೆ. ಭಾರತಕ್ಕೆ ಪಾರ್ಸೆಲ್ ತರಿಸುವ ಯೋಚನೆಯಿದ್ದರೆ ಬಿಟ್ಟುಬಿಡಿ. ಇಲ್ಲಿ ಲೈಸೆನ್ಸ್ ಇಲ್ಲದೆ ಸಿಗುವ ಏರ್‌ಗನ್ನಿನ ನಳಿಕೆಯ ಒಳ ಅಗಲ 0.177 ಇಂಚು ಮೀರುವಂತಿಲ್ಲ. 6 ಮಿಮೀ ಎಂದರೆ 0.236 ಇಂಚು. ಬಂದೂಕಿನ ಪ್ರತಿಕೃತಿಗಳನ್ನೂ 2016ರ ಆಯುಧ ನಿಯಮಗಳು ಹೆಸರು ಹಿಡಿದೇ ಹೇಳುತ್ತವೆ.

ಕೆಲಸ ಕೊಡುವ ತಿದ್ದುಪಡಿ ಒಂದೇ, ಅದಕ್ಕೆ ಖರ್ಚಿಲ್ಲ. ನಳಿಕೆಯ ಬುಡದಲ್ಲಿ ಹಾಪ್‌ಅಪ್ ಎಂಬ ಸಣ್ಣ ರಬ್ಬರಿನ ಉಬ್ಬು ಗುಂಡಿನ ನೆತ್ತಿಯನ್ನು ಸವರಿ ಹಿಮ್ಮುಖವಾಗಿ ತಿರುಗಿಸುತ್ತದೆ. ಹಾಗೆ ತಿರುಗುವ ಗುಂಡು ಬೇಗ ನೆಲ ಕಚ್ಚದೆ ಗಾಳಿಯಲ್ಲಿ ತೇಲಿಕೊಂಡು ಹೋಗುತ್ತದೆ. ನಿಮ್ಮ ಮಾದರಿಯಲ್ಲಿ ಅದನ್ನು ತಿರುಗಿಸಲು ಬರುವುದಾದರೆ, ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಕೊಂಡು, ಒಂದೊಂದೇ ಗುಂಡು ಹಾರಿಸುತ್ತಾ ಕೂದಲೆಳೆಯಷ್ಟು ತಿರುಗಿಸಿ ನೋಡಿ. ಗುಂಡು ಮೇಲಕ್ಕೆ ಚಿಮ್ಮತೊಡಗಿದರೆ ಜಾಸ್ತಿಯಾಯಿತು ಎಂದರ್ಥ, ಒಂಚೂರು ಹಿಂದಕ್ಕೆ ತನ್ನಿ.