ವ್ಲಾಗ್‌ನ ಹಿನ್ನೆಲೆಯೇ ಸಾಕ್ಷಿ

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನೀರು ನುಗ್ಗಿತ್ತು. ಇಂಥ ಹೊತ್ತಲ್ಲಿ ಊರಿನವರೇ ವರದಿಗಾರರು. ಕೈಯಲ್ಲೊಂದು ಮೊಬೈಲ್, ‘ನೋಡ್ರಿ, ಹೊಳಿ ಇಲ್ಲಿತನಕ ಬಂದೈತಿ’ ಎಂಬ ಮಾತು. ವ್ಲಾಗ್‌ಗೆ, ಅಂದರೆ ಬರೆಯುವ ಬದಲು ವಿಡಿಯೋದಲ್ಲೇ ಹೇಳುವುದಕ್ಕೆ, ಇಷ್ಟು ಸಾಕು. ಬರೆಯುವವನು ತನಗೆ ಮುಖ್ಯ ಅನಿಸಿದ್ದನ್ನಷ್ಟೇ ಬರೆಯುತ್ತಾನೆ. ಕ್ಯಾಮೆರಾ ಅವನು ಗಮನಿಸದ್ದನ್ನೂ ಹಿಡಿಯುತ್ತದೆ. ವಿಡಿಯೋದ ನಿಜವಾದ ಬೆಲೆ ಇರುವುದು ಅಲ್ಲೇ ಅಂತ ನನ್ನ ಲೆಕ್ಕ.

ಹಳೇ ನೆರೆಯ ವಿಡಿಯೋ ‘ಈಗಷ್ಟೇ ಬಂದಿದ್ದು’ ಅಂತ ಮತ್ತೆ ಸುತ್ತುವುದುಂಟು, ಅಲ್ವಾ? ಫೋನು ವಿಡಿಯೋ ಜೊತೆ ತಾರೀಖು, ಜಾಗವನ್ನೂ ಬರೆದಿಡಬಲ್ಲದು. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಆ ವಿವರ ಸಾಮಾನ್ಯವಾಗಿ ಉಳಿಯುವುದಿಲ್ಲ. ಆಗ ಪತ್ರಕರ್ತರು ಹಿನ್ನೆಲೆ ಜಾಲಾಡುತ್ತಾರೆ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ಮುಖ ಪೂರ್ವಕ್ಕೆ. ನೆರಳು ಗುಡಿಯ ಹಿಂದೆ ಬಿದ್ದಿದ್ದರೆ ಬೆಳಗು, ಮುಂದೆ ಬಿದ್ದಿದ್ದರೆ ಮಧ್ಯಾಹ್ನ ದಾಟಿದೆ. ನೆರೆಯಲ್ಲಿ ನೆರಳೆಲ್ಲಿ ಅನ್ನಬೇಡಿ. ಮಲಪ್ರಭೆ ಹುಟ್ಟುವುದು ಖಾನಾಪುರದ ಕಣಕುಂಬಿಯಲ್ಲಿ. ಅಲ್ಲಿ ಮಳೆ ಹೊಡೆದರೆ ಇಲ್ಲಿ ಬಿಸಿಲಿದ್ದರೂ ಹೊಳೆ ಏರಬಹುದು.

ಹರಿಯುವ ನೀರು ತೋರಿಸಿದಾಗಲೇ ಚಿತ್ರ ಚೌಕ ಚೌಕವಾಗಿ ಒಡೆಯುವುದನ್ನು ನೋಡಿರಬಹುದು. ತಪ್ಪು ನೆಟ್‌ವರ್ಕಿನದ್ದಷ್ಟೇ ಅಲ್ಲ. ಫುಲ್ ಎಚ್‌ಡಿ ಚಿತ್ರದಲ್ಲಿ 20 ಲಕ್ಷಕ್ಕೂ ಜಾಸ್ತಿ ಚುಕ್ಕೆಗಳು. ಚುಕ್ಕೆಗೆ 3 ಬೈಟ್, ಸೆಕೆಂಡಿಗೆ 30 ಚಿತ್ರ ಅಂದರೆ ಒಂದೇ ಸೆಕೆಂಡಿಗೆ ಸುಮಾರು 186 ಎಂಬಿ! ಇದನ್ನು ಹಾಗೇ ಇಡಲಾಗದು. ಅದಕ್ಕೆ ಫೋನು ಒಂದು ಚಿತ್ರವನ್ನು ಪೂರ್ತಿ ಇಟ್ಟುಕೊಂಡು, ಮುಂದಿನವುಗಳಲ್ಲಿ ಬದಲಾದದ್ದನ್ನು ಮಾತ್ರ ಬರೆದುಕೊಳ್ಳುತ್ತದೆ. ಗುಡಿ ಅಲುಗುವುದಿಲ್ಲ, ಸ್ವಲ್ಪ ಡೇಟಾ ಸಾಕು. ಹೊಳೆ ಒಂದೊಂದು ಚಿತ್ರದಲ್ಲೂ ಬೇರೆ, ಅಷ್ಟನ್ನೂ ಬರೆಯಲು ಡೇಟಾ ಸಾಲದೆ ಚಿತ್ರ ಒಡೆಯುತ್ತದೆ. ಸುಮ್ನೆ ಕೈ ಆಡಿಸುತ್ತಿದ್ದರೆ ಗುಡಿಯೂ ಕೆಡುತ್ತದೆ. ಸಾಕ್ಷಿ ಬೇಕಾದರೆ ಫೋನು ಗಟ್ಟಿ ಹಿಡಿದು ನಿಲ್ಲಬೇಕು.

ಗೋವಾಕ್ಕೆ ದುಡಿಯಲು ಹೋದ ಮಗ ಬಾದಾಮಿ ಕಡೆಯ ಅವ್ವನಿಗೆ ವಿಡಿಯೋ ಕಳಿಸಿದಾಗಲೂ ನಡೆಯುವುದು ಇದೇ. ‘ಆರಾಮ ಅದೀನಿ’ ಅಂತ ಅವನು ಹೇಳಿದರೆ, ಅವಳು ನೋಡುವುದು ಕೆನ್ನೆ ಎಷ್ಟು ಇಳಿದಿದೆ ಅಂತ. ಕೇಳುವುದರಲ್ಲೂ ಕಣ್ಣಿಗೆ ಪಾಲಿದೆ. 1976ರಲ್ಲಿ ಮೆಗರ್ಕ್ ಮತ್ತು ಮ್ಯಾಕ್‌ಡೊನಾಲ್ಡ್ ಎಂಬ ವಿಜ್ಞಾನಿಗಳು ‘ಬ’ ಎಂಬ ಸದ್ದಿಗೆ ‘ಗ’ ಅನ್ನುವ ತುಟಿಗಳನ್ನು ಜೋಡಿಸಿ ತೋರಿಸಿದರು. ಬಹಳ ಜನರಿಗೆ ಕೇಳಿಸಿದ್ದು ‘ದ’! ಗದ್ದಲದಲ್ಲಿ ತುಟಿ ಕಂಡರೆ ಮಾತು ಬೇಗ ತಿಳಿಯುವುದೂ ಹೀಗೆಯೇ. ನೆಟ್‌ವರ್ಕ್ ಕೆಟ್ಟು ದನಿ ಮತ್ತು ತುಟಿ ಹೊಂದದಿದ್ದರೆ ಈ ಲಾಭವಿಲ್ಲ. ಅಂಥ ಕಡೆ ವಿಡಿಯೋ ಕಾಲ್‌ಗಿಂತ ರೆಕಾರ್ಡ್ ಮಾಡಿ ಕಳಿಸಿದ್ದೇ ವಾಸಿ.